ಎದೆ ಕೂಡುವ ತನಕ

"ಕೈ ಬಿಡಿ! ಮೊದಲು ಅವರ ಕೈ ಬಿಡಿ!"

ಅವಳು ಕಿರುಚಿದ ರಭಸಕ್ಕೆ ವಾರ್ಡಿನ ತಲೆಗಳೆಲ್ಲ ಇತ್ತ ತಿರುಗಿದವು.

ಮೂರನೇ ಬೆಡ್ಡಿನ ಪಕ್ಕ, ನಾಲ್ಕನೇ ಬೆಡ್ಡಿನ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಗಂಡಸು ಬಗ್ಗಿ ನಿಂತಿದ್ದ. ಅವನ ಕೈಗಳಲ್ಲಿ ಅವಳ ಅತ್ತೆಯ ಎರಡೂ ಕೈಗಳು. ಮಂಚದ ಅಂಚಿನಲ್ಲಿ ಕೂತಿದ್ದ ಅತ್ತೆಯನ್ನು ಇನ್ನೇನು ಎಳೆದು ನಿಲ್ಲಿಸಬೇಕು, ಅಷ್ಟರಲ್ಲಿ ಗೋಡೆಗೆ ತಲೆಯಾನಿಸಿ ಸ್ಟೂಲಿನ ಮೇಲೇ ನಿದ್ದೆ ಹೋಗಿದ್ದವಳು ದಡಬಡಿಸಿ ಎದ್ದು, ಅವನ ಮಣಿಕಟ್ಟಿಗೆ ಪಟ್ಟನೆ ಒಂದು ಬಿಟ್ಟಿದ್ದಳು.

ಅವನು ಕೈ ಬಿಟ್ಟ. ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಎದೆಮೂಳೆ ಕೊಯ್ದು ತಂತಿ ಹಾಕಿ ಬಿಗಿದಿದ್ದಾರೆ. ಹೀಗೆ ಕೈ ಹಿಡಿದು ಎಳೆದ್ರೆ ಅದು ಏನಾಗುತ್ತೆ ಗೊತ್ತಾ ನಿಮಗೆ? ಆರು ವಾರ ಯಾರೂ ಕೈ ಹಿಡಿದು ಎಬ್ಬಿಸಬಾರದು ಅಂತ ನಿನ್ನೆ ತಾನೇ ಡಾಕ್ಟರು ಹೇಳಿ ಹೋದ್ರಲ್ಲ, ನೀವೂ ಇಲ್ಲೇ ನಿಂತಿದ್ರಿ."

"ನಿಂತಿದ್ದೆ. ಕೇಳಿಸ್ಕೊಂಡೆನೋ ಇಲ್ಲವೋ ಗೊತ್ತಿಲ್ಲ," ಅಂದ ಅವನು. "ಅಮ್ಮ ಬಾತ್ರೂಮಿಗೆ ಹೋಗಬೇಕು ಅಂದ್ರು. ನೀವು ಮಲಗಿದ್ರಿ."

"ನನ್ನ ಎಬ್ಬಿಸಬೇಕಿತ್ತು."

"ಎಬ್ಬಿಸಿದೆ. ಎರಡು ಸಲ."

ಅತ್ತೆಯ ಹೃದಯದ ಆಪರೇಷನ್ ಆಗಿ ಅಂದಿಗೆ ನಾಲ್ಕನೇ ದಿನ. ಆ ನಾಲ್ಕು ದಿನಗಳಲ್ಲಿ ತಾನು ಒಟ್ಟು ಎಷ್ಟು ಹೊತ್ತು ಕಣ್ಣು ಮುಚ್ಚಿದ್ದೆ ಅನ್ನುವುದೂ ಅವಳಿಗೆ ತಿಳಿಯದು. ಅವನ ಮುಖ ನೋಡಿದಳು. ಕೆಂಪಗಾದ ಕಣ್ಣು, ವಾರದ ಗಡ್ಡ, ಒಂದು ಗುಂಡಿ ತಪ್ಪಿ ಹಾಕಿದ ಅಂಗಿ, ಮೂಗಿನ ಮೇಲೆ ಒಂದು ಕಡೆಗೆ ವಾಲಿದ ಕನ್ನಡಕ. ಅವನಿಗೂ ನಿದ್ದೆಯಿಲ್ಲ ಎಂದು ಬೇರೆ ಯಾರೂ ಹೇಳಬೇಕಿರಲಿಲ್ಲ.

"ಇಬ್ಬರೂ ಆಮೇಲೆ ಜಗಳ ಆಡ್ಕೊಳ್ಳಿ," ಅಂದರು ಅತ್ತೆ. "ನನಗೆ ಅವಸರ."

ಅವಳು ದಿಂಬನ್ನು ಅತ್ತೆಯ ಎದೆಗೆ ಕೊಟ್ಟು, ಎರಡೂ ಕೈಯಿಂದ ಅವಚಿಕೊಳ್ಳಲು ಹೇಳಿದಳು. ತನ್ನ ಅಂಗೈಯನ್ನು ಅತ್ತೆಯ ಬೆನ್ನಿಗೆ ಕೊಟ್ಟಳು. ಮುಂದೆ, ಹಿಂದೆ, ಮುಂದೆ... ಮೂರನೇ ಸಲ ತೂಗಿದಾಗ ಅತ್ತೆ ತಮ್ಮ ಕಾಲಿನ ಬಲದಲ್ಲೇ ಎದ್ದು ನಿಂತರು.

ಅವನು ಅದನ್ನು ಪಾಠ ಕಲಿಯುವವನಂತೆ ನೋಡಿದ. ಹತ್ತು ನಿಮಿಷದ ಮೇಲೆ ಅಂಥದೇ ಆಪರೇಷನ್ ಆಗಿ ನಾಲ್ಕನೇ ಬೆಡ್ಡಿನಲ್ಲಿದ್ದ ತನ್ನ ಅಣ್ಣನನ್ನು ಹಾಗೆಯೇ ಎಬ್ಬಿಸಿ, ಅವಳ ಕಡೆ ತಿರುಗಿ, ಸರಿಯಾಯಿತೇ ಎಂದು ಹುಬ್ಬಿನಲ್ಲೇ ಕೇಳಿದ.

ಅವಳು ಸರಿ ಎಂದು ತಲೆಯಾಡಿಸಿದಳು. ಹೊಡೆದದ್ದಕ್ಕೆ ಕ್ಷಮೆ ಕೇಳಬೇಕೆನ್ನಿಸಿತು. ಆದರೆ ಅಷ್ಟು ಮಾತಾಡಲೂ ಶಕ್ತಿ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಯಾರಿಗೆ ಬೇಕು? ನರ್ಸುಗಳಿಗೆ ಅವಳು 'ಮೂರನೇ ಬೆಡ್ಡಿನವರು', ಅವನು 'ನಾಲ್ಕನೇ ಬೆಡ್ಡಿನವರು'. ಎರಡು ಬೆಡ್ಡಿಗೆ ಸೇರಿ ಒಂದೇ ಒಂದು ಒರಗುವ ಕುರ್ಚಿ. ಆ ಮಧ್ಯಾಹ್ನ ಅವನೇ ಬಂದು ಒಂದು ಒಪ್ಪಂದ ಮುಂದಿಟ್ಟ.

"ಎರಡು ಗಂಟೆ ನೀವು ಮಲಗಿ, ಇಬ್ಬರನ್ನೂ ನಾನು ನೋಡ್ಕೋತೀನಿ. ಆಮೇಲೆ ಎರಡು ಗಂಟೆ ನಾನು."

"ಮತ್ತೆ ಕೈ ಹಿಡಿದು ಎಳೆಯಲ್ಲ ತಾನೇ?"

"ಒಂದು ಏಟು ತಿಂದಾಗಿದೆಯಲ್ಲ."

ಅವಳಿಗೆ ನಗು ಬಂತು. ಕುರ್ಚಿಗೆ ಒರಗಿದ್ದೊಂದೇ ನೆನಪು. ಎರಡು ಗಂಟೆ ಎಂದವನು ಮೂರು ಗಂಟೆ ಎಬ್ಬಿಸಿರಲಿಲ್ಲ.

ಅವನದು ತಕ್ಕಡಿ ರಿಪೇರಿಯ ಕೆಲಸ. ಅಂಗಡಿಗಳ ತೂಕದ ಮಷೀನುಗಳನ್ನು ಸರಿಮಾಡಿ, ಕಬ್ಬಿಣದ ಕಲ್ಲುಗಳನ್ನಿಟ್ಟು ಪರೀಕ್ಷಿಸಿ ಕೊಡುವವನು. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಸಾಕಿ ಬೆಳೆಸಿದ್ದು ಅವನಿಗಿಂತ ಹದಿನೈದು ವರ್ಷ ದೊಡ್ಡವನಾದ ಅಣ್ಣ. ಈ ಅಣ್ಣ ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದವರು, ಮಾತಿನ ಮಲ್ಲ. ಐದನೇ ದಿನಕ್ಕೇ ಅತ್ತೆಯನ್ನು 'ಅಕ್ಕ' ಎನ್ನಲು ಶುರುಮಾಡಿದ್ದರು.

"ಅಕ್ಕ, ನಿಮ್ಮ ಎದೆ ಮೇಲಿನ ಗೆರೆ ನೇರವಾಗಿದೆಯಂತೆ. ನನ್ನದು ಸೊಟ್ಟ. ನಮ್ಮ ಡಾಕ್ಟರಿಗೆ ಅವತ್ತು ಸ್ಕೇಲು ಸಿಗಲಿಲ್ಲವೋ ಏನೋ."

"ನಗಿಸಬೇಡಿ ಮಾರಾಯ್ರೆ, ನೋಯುತ್ತೆ," ಎಂದು ಅತ್ತೆ ದಿಂಬು ಅವಚಿಕೊಂಡು ನಗುತ್ತಿದ್ದರು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವನ ಕನ್ನಡಕ ವಾಲಿದ್ದು ಅವಳ ಕಣ್ಣಿಗೆ ದಿನವಿಡೀ ಚುಚ್ಚುತ್ತಿತ್ತು. ಆರನೇ ದಿನ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ," ಎಂದವಳೇ ಅವನ ಮುಖದಿಂದ ತಾನೇ ತೆಗೆದಳು. ಚಹಾದ ಲೋಟಕ್ಕೆ ಕಡ್ಡಿಯನ್ನು ತಾಗಿಸಿ ಬಿಸಿಮಾಡಿ, ಹೆಬ್ಬೆರಳಿನಲ್ಲಿ ಒತ್ತಿ ಬಗ್ಗಿಸಿ, ಮತ್ತೆ ಅವನ ಮೂಗಿನ ಮೇಲಿಟ್ಟಳು. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದಳು. ದಿನಕ್ಕೆ ಇಪ್ಪತ್ತು ಗಿರಾಕಿಗಳ ಕಿವಿ ಹೀಗೆ ಮುಟ್ಟುತ್ತಿದ್ದವಳು. ಅವತ್ತು ಮಾತ್ರ ಬೆರಳು ಅಲ್ಲಿ ಒಂದು ಕ್ಷಣ ಹೆಚ್ಚು ನಿಂತಿತು.

ಅವನು ಉಸಿರು ಬಿಗಿಹಿಡಿದು ಕೂತಿದ್ದ.

'ಇದೇನಾಯಿತು ನನಗೆ?' ಎಂದುಕೊಂಡು ಅವಳು ಎದ್ದು ಹೋಗಿ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು.

ಅವಳ ಗಂಡ ಹೋಗಿ ನಾಲ್ಕು ವರ್ಷವಾಗಿತ್ತು. ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಅಪಘಾತ. ಸುದ್ದಿ ಬಂದಾಗ ಮನೆಯಲ್ಲಿದ್ದದ್ದು ಅವಳು, ಅತ್ತೆ ಇಬ್ಬರೇ. ಆಮೇಲೂ ಇಬ್ಬರೇ ಉಳಿದರು. ತವರಿನವರು ಬಾ ಎಂದರು, ಅವಳು ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ ಅವಳ ಬಳಿ ಉತ್ತರವೂ ಇರಲಿಲ್ಲ. ಬೆಳಗ್ಗೆ ಎದ್ದು ಎರಡು ಲೋಟ ಚಹಾ ಮಾಡುವ ಅಭ್ಯಾಸ ಬಿಡಲಾಗಲಿಲ್ಲ ಅಷ್ಟೆ. ಮಗನ ಫೋಟೋ ನೋಡಿದರೆ ಅತ್ತೆಗೆ ಊಟ ಸೇರುತ್ತಿರಲಿಲ್ಲವೆಂದು ಅದು ಬೀರುವಿನೊಳಗೆ ಬಟ್ಟೆಗಳ ಕೆಳಗಿತ್ತು. ಇಬ್ಬರೂ ಅವನ ಮಾತೆತ್ತುತ್ತಿರಲಿಲ್ಲ.

ಪಕ್ಕದ ಬೆಡ್ಡಿನವನು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅವನು ಕೇಳಲಿಲ್ಲ. ಅವಳು 'ಅತ್ತೆ' ಎಂದು ಕರೆಯುವುದನ್ನು ಕೇಳಿ, ಅಪ್ಪನ ತಂಗಿಯೋ ಅಕ್ಕನೋ ಇರಬೇಕು, ಸೋದರತ್ತೆಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಅವನು ತನ್ನಷ್ಟಕ್ಕೇ ತೀರ್ಮಾನಿಸಿಬಿಟ್ಟಿದ್ದ.

ಇಬ್ಬರು ರೋಗಿಗಳನ್ನೂ ಒಂದೇ ದಿನ ಮನೆಗೆ ಕಳಿಸಿದರು. ಹೊರಡುವಾಗ ನರ್ಸು ಇಬ್ಬರನ್ನೂ ನಿಲ್ಲಿಸಿ ಹೇಳಿದಳು.

"ದಿನಾ ಬೆಳಗ್ಗೆ ಬಾತ್ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ಎರಡು ದಿನದಲ್ಲಿ ಎರಡು ಕಿಲೋ ಏರಿದ್ರೆ ಅದು ಊಟದ ತೂಕ ಅಲ್ಲ, ನೀರು. ಮೈಯಲ್ಲಿ ನೀರು ನಿಲ್ತಿದೆ ಅಂತ ಅರ್ಥ. ತಕ್ಷಣ ಬರಬೇಕು."

ಮಾರನೇ ಬೆಳಗ್ಗೆ ಅವನು ಒಂದು ತೂಕದ ಮಷೀನು ಹೊತ್ತುಕೊಂಡು ಅವಳ ಮನೆಯ ಮೂರು ಮಹಡಿ ಹತ್ತಿ ಬಂದ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

"ನನ್ನ ಕೈಯಾರೆ ಸರಿಮಾಡಿದ್ದು. ನೂರು ಗ್ರಾಂ ಕೂಡ ಆಚೀಚೆ ಆಗಲ್ಲ," ಎಂದ. ಅತ್ತೆ ಹತ್ತಿ ನಿಂತರು. ಐವತ್ತೊಂದು ಕಿಲೋ ಎಂಟುನೂರು.

ಆಮೇಲೆ ದಿನವೂ ಸಂಜೆ ನಾಲ್ಕರ ಹೊತ್ತಿಗೆ ಅಣ್ಣ ತಮ್ಮ ನಿಧಾನಕ್ಕೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಮನೆ ಎರಡು ಬೀದಿ ಆಚೆ. ಇಬ್ಬರು ರೋಗಿಗಳಿಗೂ ನಡಿಗೆ ಹೇಳಿದ್ದರು. ಅತ್ತೆ ಮೊದಲ ವಾರ ಮಹಡಿಯ ಉದ್ದನೆಯ ಮೊಗಸಾಲೆಯಲ್ಲಿ, ಆಮೇಲೆ ನಿಂತು ನಿಂತು ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ. ಮುಂದೆ ಆ ಇಬ್ಬರು, ಆಮೆ ಓಟದ ಪಂದ್ಯ ಕಟ್ಟಿದವರ ಹಾಗೆ. ಹಿಂದೆ ಈ ಇಬ್ಬರು, ಒಂದೊಂದು ದಿಂಬು ಹಿಡಿದುಕೊಂಡು. ಯಾರಾದರೂ ಕೆಮ್ಮಿದರೆ ಎದೆಗೆ ಅವಚಿಕೊಳ್ಳಲೆಂದು ಕೊಡಲು.

"ನಿಮಗೆ ಈಗ ಏನು ಬೇಕು ಅನ್ಸುತ್ತೆ?" ಒಂದು ಸಂಜೆ ಅವನು ಕೇಳಿದ.

"ನನಗಾ?" ಅವಳು ಯೋಚಿಸಿದಳು. ಬಹಳ ದಿನದಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. "ಏನೂ ಬೇಡ. ಒಂದು ದಿನ ನಾನು ಮಲಗಿರಬೇಕು, ಬೇರೆ ಯಾರೋ ಮಾತ್ರೆ ಡಬ್ಬಿ ನೋಡ್ಕೋಬೇಕು. ಅಷ್ಟೇ."

"ನನಗೂ ಅದೇ," ಅಂದ ಅವನು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೆ ನಾಲ್ಕು ಗಂಟೆ ಆಗ್ತಿದ್ದ ಹಾಗೆ ಆಯಾಸ ಹೋಗುತ್ತೆ," ಎಂದು ಸೇರಿಸಿದ.

ಅವಳು ದಿಂಬನ್ನು ಎದೆಗೊತ್ತಿಕೊಂಡು ನಡೆದಳು. ಕೆಮ್ಮು ಬಂದಿರಲಿಲ್ಲ.

ಮೂರು ವಾರದ ರಜೆ ಮುಗಿದು ಅವಳು ಅರ್ಧ ದಿನ ಅಂಗಡಿಗೆ ಹೋಗಲು ಶುರುಮಾಡಿದಳು. ಅಂಥದೊಂದು ಬೆಳಗ್ಗೆ, ಅವಳಿಲ್ಲದ ಹೊತ್ತು ನೋಡಿಕೊಂಡೇ, ಅವನು ಒಬ್ಬನೇ ಬಂದು ಅತ್ತೆಯ ಮುಂದೆ ಕೂತ. ಅಂಗಿ ಇಸ್ತ್ರಿಯಾಗಿತ್ತು. ಗಡ್ಡ ಬೋಳಿಸಿದ್ದ. ಅತ್ತೆಗೆ ಅಲ್ಲೇ ಅರ್ಧ ವಿಷಯ ಗೊತ್ತಾಗಿಹೋಯಿತು.

"ಅಮ್ಮ, ಅವರ ಅಪ್ಪ ಅಮ್ಮ ಎಲ್ಲಿರೋದು? ಅವರನ್ನ ನೋಡಿ ಒಂದು ಮಾತು ಕೇಳಬೇಕಿತ್ತು. ಅದಕ್ಕೆ ಮುಂಚೆ ನಿಮ್ಮ ಒಪ್ಪಿಗೆ ಬೇಕು ಅನ್ನಿಸ್ತು. ನಿಮ್ಮ ಅಣ್ಣನ ಮಗಳೋ, ತಮ್ಮನ ಮಗಳೋ?"

"ಯಾರು ಹೇಳಿದ್ದು ಹಾಗಂತ?"

"ನಿಮ್ಮನ್ನ ಅತ್ತೆ ಅಂತಾರಲ್ಲ..."

ಅತ್ತೆ ಕಿಟಕಿಯ ಕಡೆ ನೋಡಿದರು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಯಾರ್ಯಾರದೋ ಮಾತಿಗೆ ದಾರಿ ಮಾಡಿಕೊಟ್ಟ ಹೆಂಗಸು. ಈ ಹುಡುಗ ಒಳ್ಳೆಯವನು ಎಂದು ಅವರಿಗೆ ಗೊತ್ತಿತ್ತು. ಆದರೆ ಆ ಕ್ಷಣ ಅವರಿಗೆ ಕಂಡದ್ದು ಅವನಲ್ಲ. ಖಾಲಿ ಮನೆ. ಬೆಳಗ್ಗೆ ಒಂದೇ ಲೋಟ ಚಹಾ. ಎದೆ ಇನ್ನೂ ಕೂಡಿಲ್ಲ, ಹಾಸಿಗೆಯಿಂದ ಏಳಲು ಬೆನ್ನಿಗೊಂದು ಕೈ ಬೇಕು... ಆ ಕೈ ಇನ್ನೊಂದು ಮನೆಗೆ ಹೋಗುತ್ತದೆ.

"ಅವಳು ನನ್ನ ಮಗನ ಹೆಂಡತಿ," ಅಂದರು.

ಅವನ ಮುಖದ ಬಣ್ಣ ಇಳಿಯಿತು.

"ಮಗ... ಇಲ್ಲಿಲ್ವಾ?"

"ಹಡಗಿನ ಕೆಲಸ. ಬರೋದು ಅಪರೂಪ." ಮಾತು ಬಾಯಿಂದ ಜಾರಿಬಿಟ್ಟಿತ್ತು. ವಾಪಸು ತೆಗೆದುಕೊಳ್ಳಲು ಒಂದು ನಿಮಿಷ ಸಮಯವಿತ್ತು. ಅತ್ತೆ ತೆಗೆದುಕೊಳ್ಳಲಿಲ್ಲ.

ಅವನು ಎದ್ದು ನಿಂತ. "ತಪ್ಪು ತಿಳಿದುಕೊಂಡಿದ್ದೆ. ನಾನು ಬಂದಿದ್ದು ಅವರಿಗೆ ಗೊತ್ತಾಗೋದು ಬೇಡ ಅಮ್ಮ," ಎಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

ಅಂದು ಸಂಜೆ ನಾಲ್ಕಾಯಿತು. ಐದಾಯಿತು. ಯಾರೂ ಬರಲಿಲ್ಲ.

ಮರುದಿನ ಅಣ್ಣ ಒಬ್ಬರೇ ಬಂದರು. "ಅವನಿಗೆ ಕೆಲಸ ಜಾಸ್ತಿಯಂತೆ," ಎಂದು ನೆಲ ನೋಡುತ್ತ ಹೇಳಿದರು. ಆಮೇಲೆ ಅವರೂ ಬರುವುದು ನಿಂತಿತು. ಮೂರನೇ ದಿನ ಅವಳು ಫೋನ್ ಮಾಡಿದಳು.

"ಹುಷಾರಾಗಿದೀರಾ?"

"ಹೂಂ. ಕೆಲಸ ಇತ್ತು."

"ಅಣ್ಣ ನಡೀತಿದಾರಾ?"

"ನಡೀತಿದಾನೆ. ನೀವು... ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ." ಅಲ್ಲಿಗೆ ಫೋನ್ ಇಟ್ಟ.

ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತಿದ್ದಳು. ಕೈಯಲ್ಲಿ ಒರೆಸುತ್ತಿದ್ದ ಯಾರದೋ ಕನ್ನಡಕದ ಗಾಜು.

'ಯಾರೋ ಹೇಳಿರಬೇಕು. ಗಂಡ ಸತ್ತವಳು ಅಂತ ಗೊತ್ತಾಗಿರಬೇಕು. ನಾನು ಮೊದಲೇ ಹೇಳಲಿಲ್ಲ ಅಂತ ಸಿಟ್ಟೋ, ಅಥವಾ ಇಂಥವಳು ಬೇಡ ಅಂತಲೋ...'

ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ಗಾಜು ಒರೆಸಿ ಚೌಕಟ್ಟಿಗೆ ಕೂರಿಸಿದಳು. ಮಧ್ಯಾಹ್ನ ಮನೆಗೆ ಹೋಗಿ ಉಪ್ಪಿಲ್ಲದ ಸೂಪು ಕಾಯಿಸಿದಳು, ಮಾತ್ರೆ ಕೊಟ್ಟಳು, ಅತ್ತೆಯ ಕಾಲಿಗೆ ಬಿಗಿ ಕಾಲುಚೀಲ ಏರಿಸಿದಳು. ರಾತ್ರಿ ಅತ್ತೆ ಮೂರು ಸಲ ಬಾತ್ರೂಮಿಗೆ ಎದ್ದರೆ ಮೂರು ಸಲವೂ ಎದ್ದಳು. ಬೆಳಗ್ಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಅವಳ ಕಣ್ಣ ಕೆಳಗಿನ ಕಪ್ಪು, ಸಂಜೆ ನಾಲ್ಕಕ್ಕೆ ಬಾಗಿಲಿನತ್ತ ತಿರುಗಿ ಮತ್ತೆ ಬಾಗುವ ತಲೆ. ಹೇಳಬೇಕೆಂದು ಬಾಯಿ ತೆರೆದು, "ಸ್ವಲ್ಪ ನೀರು ಕೊಡೇ," ಎಂದು ಮುಗಿಸುತ್ತಿದ್ದರು.

ಹಾಗೇ ಒಂದು ವಾರ ಕಳೆಯಿತು. ವಿಚಿತ್ರವೆಂದರೆ, ಕೊನೆಯ ಮೂರು ರಾತ್ರಿ ಅತ್ತೆ ಒಮ್ಮೆಯೂ ಏಳಲಿಲ್ಲ. ಅವಳು ಸತ್ತ ಹಾಗೆ ನಿದ್ದೆ ಮಾಡಿದಳು. ವಾಸಿಯಾಗುತ್ತಿದೆ ಎಂದುಕೊಂಡಳು.

ನಾಲ್ಕನೇ ಬೆಳಗ್ಗೆ ಮಷೀನು ಐವತ್ನಾಲ್ಕು ಕಿಲೋ ಮುನ್ನೂರು ತೋರಿಸಿತು.

ಹಿಂದಿನ ದಿನ ಐವತ್ಮೂರಿತ್ತು. ಅದಕ್ಕೂ ಹಿಂದೆ ಐವತ್ತೆರಡು.

"ಮಷೀನು ಕೆಟ್ಟಿದೆ ಕಣೇ," ಅಂದರು ಅತ್ತೆ. ಮಾತಿನ ನಡುವೆ ಉಸಿರು ತೆಗೆದುಕೊಂಡರು. "ನಾನು ತಿನ್ನೋದು ಗುಬ್ಬಚ್ಚಿ ಹಾಗೆ. ಎಲ್ಲಿಂದ ಬರುತ್ತೆ ತೂಕ?"

ಅವಳಿಗೂ ಹಾಗೆಯೇ ಅನ್ನಿಸಬೇಕೆನ್ನಿಸಿತು. ಮಷೀನು ಕೆಟ್ಟಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಬೇಕಿಲ್ಲ, ಆ ಸ್ಟೂಲು, ಆ ಗೋಡೆ... ತುಂಬ ಹೊತ್ತು ಫೋನ್ ಹಿಡಿದು ಕೂತು, ಕೊನೆಗೆ ಅವನ ನಂಬರು ಒತ್ತಿದಳು.

"ನೀವು ಕೊಟ್ಟ ಮಷೀನು ತಪ್ಪು ತೋರಿಸ್ತಿದೆ ಅನ್ಸುತ್ತೆ. ಎರಡು ದಿನದಲ್ಲಿ ಎರಡು ಕಿಲೋ ಮೇಲೆ..."

"ಅಲ್ಲೇ ಇರಿ. ಬಂದೆ."

ಹದಿನೈದು ನಿಮಿಷದಲ್ಲಿ ಅವನು ಬಾಗಿಲಲ್ಲಿದ್ದ. ಅವಳ ಮುಖ ನೋಡಲಿಲ್ಲ. ಚೀಲದಿಂದ ಹತ್ತು ಕಿಲೋದ ಎರಡು ಕಬ್ಬಿಣದ ಕಲ್ಲು ತೆಗೆದು ಮಷೀನಿನ ಮೇಲಿಟ್ಟ. ಇಪ್ಪತ್ತು. ತಾನು ಹತ್ತಿ ನಿಂತ. ಕಲ್ಲು ಹಿಡಿದುಕೊಂಡು ಹತ್ತಿ ನಿಂತ. ಸರಿಯಾಗಿ ಇಪ್ಪತ್ತು ಹೆಚ್ಚು.

ಅವನು ಕೆಳಗಿಳಿದು ಅತ್ತೆಯ ಕಾಲ ಬಳಿ ಮಂಡಿಯೂರಿದ. ಕಾಲುಚೀಲ ಸರಿಸಿ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ಬೆರಳಿನ ಗುಳಿ ಹಾಗೆಯೇ ಉಳಿಯಿತು.

"ಮಷೀನು ಸರಿಯಾಗಿದೆ," ಎಂದ ಮೆತ್ತಗೆ. "ಹೊರಡೋಣ."

ಮೂರು ಮಹಡಿ ಅತ್ತೆಯನ್ನು ನಡೆಸುವಂತಿರಲಿಲ್ಲ. ಊಟದ ಕುರ್ಚಿಯಲ್ಲಿ ಕೂರಿಸಿ, ದಿಂಬು ಕೊಟ್ಟು, ಅವನು ಕೆಳಗಿನಿಂದ, ಎದುರು ಮನೆಯವರು ಮೇಲಿನಿಂದ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಪ್ರತಿ ತಿರುವಿನಲ್ಲೂ ಅವನು, "ಅಮ್ಮ, ಉಸಿರು ಬಿಡಿ... ಇನ್ನೊಂದೇ ಮಹಡಿ," ಎನ್ನುತ್ತಿದ್ದ. ಅವಳು ಹಿಂದೆ ಫೈಲು, ಮಾತ್ರೆ ಡಬ್ಬಿ ಹಿಡಿದು ಇಳಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಆಮ್ಲಜನಕ ಹಾಕಿ, ನೀರಿಳಿಸುವ ಔಷಧಿ ಶುರುಮಾಡಿದರು. ಒಂದು ಗಂಟೆಯ ಮೇಲೆ ಡಾಕ್ಟರು ಹೊರಬಂದು, "ಒಳ್ಳೇ ಹೊತ್ತಿಗೆ ತಂದ್ರಿ. ಇನ್ನೊಂದು ದಿನ ಮಷೀನಿನ ಮೇಲೆ ತಪ್ಪು ಹಾಕಿ ಕೂತಿದ್ರೆ ಶ್ವಾಸಕೋಶ ತುಂಬ್ತಿತ್ತು," ಎಂದು ಹೇಳಿ ಹೋದರು.

ಮೊಗಸಾಲೆಯ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಕೂತರು. ಕೊನೆಗೆ ಅವನೇ ಬಾಯಿ ಬಿಟ್ಟ. ದನಿಯಲ್ಲಿ ಸಿಟ್ಟಿತ್ತು.

"ನಾನು ಹೇಳಬಾರದು. ಆದ್ರೂ ಹೇಳ್ತೀನಿ. ಅವರಿಗೆ ಫೋನ್ ಮಾಡಿ. ಇಂಥ ಹೊತ್ತಲ್ಲಾದ್ರೂ ಬರಬೇಡ್ವಾ ಆ ಮನುಷ್ಯ? ಹೆತ್ತ ತಾಯಿ. ಎಲ್ಲಾ ನಿಮ್ಮೊಬ್ಬರ ತಲೆ ಮೇಲೆ ಹಾಕಿ ಅಲ್ಲಿ ಕೂತಿದಾರಲ್ಲ."

"ಯಾರಿಗೆ ಫೋನ್ ಮಾಡ್ಲಿ?"

"ನಿಮ್ಮ ಗಂಡನಿಗೆ."

ಅವಳು ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ.

"ಅವರು ಹೋಗಿ ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷದಿಂದ ಒಂದು ಸಲಾನೂ ಬಂದಿಲ್ವಾ?"

"ಸತ್ತು ನಾಲ್ಕು ವರ್ಷ," ಎಂದಳು ಅವಳು.

ದೂರದಲ್ಲಿ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು.

"ಹಡಗಲ್ಲಿ ಕೆಲಸ ಅಂದ್ರು..."

"ಯಾರು ಅಂದಿದ್ದು?"

ಅವನ ಕಣ್ಣು ವಾರ್ಡಿನ ಬಾಗಿಲಿನತ್ತ ಹೋಯಿತು. ಹೇಳದಿದ್ದರೂ ಅವಳಿಗೆ ತಿಳಿಯಿತು. ಹತ್ತು ಹನ್ನೆರಡು ದಿನದ ಸಂಜೆಗಳೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಂತಾಯಿತು. ಎದ್ದು ವಾರ್ಡಿನ ಕಡೆ ಹೊರಟಳು.

"ಈಗ ಬೇಡ," ಅವನು ಅಡ್ಡ ಬಂದು ನಿಂತ. "ಸಿಟ್ಟು ಮಾಡ್ಕೊಳ್ಳಿ, ನನ್ನ ಮೇಲೆ ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಅವರ ಉಸಿರು ಮೊದಲು ಸರಿಹೋಗ್ಲಿ."

ಅವಳು ಅಲ್ಲೇ ಗೋಡೆಗೆ ಒರಗಿದಳು. ಆಗ ಬಂತು ಅಳು. ಸದ್ದಿಲ್ಲದೆ, ತಡೆಯಿಲ್ಲದೆ. ಅವನು ಕರವಸ್ತ್ರ ಚಾಚಿದ. ಪಕ್ಕದಲ್ಲಿ ನಿಂತಿದ್ದ, ಅಷ್ಟೇ.

ಎರಡು ದಿನದಲ್ಲಿ ಅತ್ತೆಯ ಮೈಯಿಂದ ನೀರಿಳಿಯಿತು. ಮೂರನೇ ಬೆಳಗ್ಗೆ ಅವಳು ಮುಖ ಒರೆಸಲು ಬಗ್ಗಿದಾಗ ಅತ್ತೆ ಅವಳ ಮುಂಗೈ ಹಿಡಿದರು.

"ಕೂತ್ಕೋ. ಎರಡು ತಪ್ಪು ಮಾಡಿದೀನಿ. ಚಿಕ್ಕದು ಮೊದಲು ಹೇಳ್ತೀನಿ. ಆ ನೀರಿನ ಮಾತ್ರೆ... ಇಲ್ಲಿಗೆ ಬರೋ ಮುಂಚೆ ಮೂರು ದಿನ ನುಂಗಲೇ ಇಲ್ಲ. ನಾಲಿಗೆ ಕೆಳಗಿಟ್ಕೊಂಡು, ನೀನು ಆಚೆ ಹೋದ ಮೇಲೆ ಉಗೀತಿದ್ದೆ."

"ಯಾಕೆ ಅತ್ತೆ?"

"ಅದನ್ನ ನುಂಗಿದ್ರೆ ರಾತ್ರಿ ಮೂರು ಸಲ ಏಳಬೇಕು. ಏಳೋಕೆ ನಿನ್ನ ಎಬ್ಬಿಸಬೇಕು. ನಿನ್ನ ಮುಖ ನೋಡೋಕಾಗ್ತಿರಲಿಲ್ಲ ಕಣೇ. ನಾಲ್ಕು ದಿನ ಮಲಗ್ಲಿ ಪಾಪ ಅನ್ನಿಸ್ತು."

ಅವಳಿಗೆ ಆ ಮೂರು ರಾತ್ರಿಯ ನಿದ್ದೆ ಈಗ ನುಂಗಿದ ಕಲ್ಲಿನಂತೆ ಭಾರವಾಯಿತು.

"ದೊಡ್ಡದು ನಿನಗೆ ಗೊತ್ತಾಗಿದೆ ಅನ್ಸುತ್ತೆ," ಅಂದರು ಅತ್ತೆ. "ಆ ಹುಡುಗ ನಿನ್ನ ಕೇಳ್ಕೊಂಡು ಬಂದಿದ್ದ. ಹೆದರಿಕೆ ಆಯ್ತು. ಬದುಕಿಲ್ಲದ ಮಗನ್ನ ಬದುಕಿದಾನೆ ಅಂದೆ. ಹಾಗೆ ಹೇಳಿದಾಗ ಒಂದು ಗಳಿಗೆ ನನಗೇ ನಿಜ ಅನ್ನಿಸಿಬಿಡ್ತು... ಎಲ್ಲೋ ಹಡಗಲ್ಲಿದಾನೆ ಅಂತ."

ಅತ್ತೆ ಎದೆಗೆ ದಿಂಬು ಅವಚಿಕೊಂಡರು. ಕೆಮ್ಮು ಬಂದಿರಲಿಲ್ಲ, ಅಳು.

ಅವಳು ಅತ್ತೆಯ ಬೆನ್ನಿಗೆ ಅಂಗೈ ಕೊಟ್ಟಳು. ಅದನ್ನು ಹಾಗೆಯೇ ಇಟ್ಟುಕೊಂಡು ಹೇಳಿದಳು.

"ನನಗೆ ಸಿಟ್ಟಿದೆ ಅತ್ತೆ. ಇವತ್ತು ಹೋಗಲ್ಲ. ನಾಳೆನೂ ಇರಬಹುದು. ಆದ್ರೆ ನಿಮ್ಮನ್ನ ಬಿಟ್ಟು ಹೋಗ್ತೀನಿ ಅಂತ ಯಾರು ಹೇಳಿದ್ದು ನಿಮಗೆ? ನಾನು ಹೇಳಿದ್ನಾ?"

"ಇಲ್ಲ."

"ಮತ್ತೆ?"

"ಕೇಳೋಕೆ ಧೈರ್ಯ ಆಗಲಿಲ್ಲ," ಎಂದರು ಅತ್ತೆ ಮಗುವಿನಂತೆ.

ಅಷ್ಟರಲ್ಲಿ ಬಾಗಿಲಲ್ಲಿ ಡ್ರಾಯಿಂಗ್ ಮಾಸ್ತರು ಕಾಣಿಸಿಕೊಂಡರು. ಹಿಂದೆ ತಮ್ಮ. "ಅಕ್ಕ, ನಾನು ಇವತ್ತು ಒಬ್ಬನೇ ನಾಲ್ಕು ಬೀದಿ ನಡೆದೆ. ಪಂದ್ಯದಲ್ಲಿ ನೀವು ಹಿಂದೆ ಬಿದ್ರಿ," ಎನ್ನುತ್ತ ಬಂದು ಸ್ಟೂಲಿನ ಮೇಲೆ ಕೂತರು. "ಇಲ್ಲಿ ನಾನಿರ್ತೀನಿ. ಏನಾದ್ರೂ ಆದ್ರೆ ಗಂಟೆ ಒತ್ತೋಕೆ ನನಗೂ ಬರುತ್ತೆ. ನೀವಿಬ್ಬರೂ ಮನೆಗೆ ಹೋಗಿ ಅವರ ಬಟ್ಟೆ ತಗೊಂಡು ಬನ್ನಿ."

ಬಟ್ಟೆ ತರಲು ಇಬ್ಬರು ಯಾಕೆ ಎಂದು ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಕಣ್ಣೊರೆಸಿಕೊಂಡು, "ನಿಧಾನಕ್ಕೆ ಬನ್ನಿ," ಎಂದರು.

ಮಧ್ಯಾಹ್ನದ ಬಸ್ಸು ಅರ್ಧ ಖಾಲಿಯಿತ್ತು. ಅವಳು ಕಿಟಕಿಯ ಪಕ್ಕ, ಅವನು ಅವಳ ಪಕ್ಕ.

"ನೀವು ನನ್ನ ಒಂದು ಮಾತು ಕೇಳಬೇಕಿತ್ತು," ಅಂದಳು ಅವಳು. "ಯಾಕೆ ಬರಲ್ಲ ಅಂತ ನಾನೂ ಕೇಳಬೇಕಿತ್ತು."

"ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಕೇಳಿದ್ರೆ ನಿಮಗೆ ಮುಜುಗರ ಆಗುತ್ತೇನೋ ಅಂತ. ಬೇರೆಯವರ ಮನೆ ಮುರಿಯೋ ಕೆಲಸ ಬೇಡ ಅನ್ನಿಸ್ತು." ಅವನು ತನ್ನ ಅಂಗೈ ನೋಡಿಕೊಂಡ. "ದಿನಾ ನಾಲ್ಕು ಗಂಟೆ ಆಗ್ತಿತ್ತಲ್ಲ, ಅದೇ ಕಷ್ಟ ಇದ್ದಿದ್ದು. ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತಿರ್ತಿದ್ದೆ."

ಅವಳು ಕಿಟಕಿಯಾಚೆ ನೋಡಿದಳು.

"ಇಷ್ಟ ನೀವಂದ್ರೆ," ಅಂದ ಅವನು. "ಚೆಂದವಾಗಿ ಹೇಳೋಕೆ ಬರಲ್ಲ ನನಗೆ. ನಿಮ್ಮ ಜೊತೆ ಇರಬೇಕು ಅನ್ಸುತ್ತೆ. ನೀವು ದಣಿದಾಗ ಪಕ್ಕದಲ್ಲಿರಬೇಕು ಅನ್ಸುತ್ತೆ."

"ನಾನೊಬ್ಬಳೇ ಬರಲ್ಲ. ಅತ್ತೆ ನನ್ನ ಜೊತೆ ಇರ್ತಾರೆ. ಯಾವಾಗ್ಲೂ."

"ನಾನೂ ಒಬ್ಬನೇ ಅಲ್ಲವಲ್ಲ. ನಮ್ಮಣ್ಣ ಇದಾನೆ. ಅವನ ಮಾತು ದಿನಾ ಕೇಳಬೇಕು, ಅದನ್ನ ಯೋಚನೆ ಮಾಡಿ."

ಅವಳ ತುಟಿಯಲ್ಲಿ ನಗು ಮೂಡಿತು, ಪೂರ್ತಿ ಅರಳಲಿಲ್ಲ.

"ನನಗೂ ನೀವಂದ್ರೆ ಇಷ್ಟ," ಎಂದಳು. "ಆದ್ರೆ... ಈಗ ಖುಷಿ ಪಡೋಕೂ ಮೈಯಲ್ಲಿ ಶಕ್ತಿ ಇಲ್ಲ. ತಪ್ಪು ತಿಳ್ಕೋಬೇಡಿ."

"ಪರವಾಗಿಲ್ಲ. ಮಲಗಿ. ಖುಷಿ ಆಮೇಲೆ ಪಡೋಣ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಎರಡು ನಿಮಿಷದಲ್ಲಿ ಉಸಿರು ಆಳವಾಯಿತು. ಅವನು ಬಿಸಿಲು ಅವಳ ಕಣ್ಣಿಗೆ ಬೀಳದಂತೆ ಕಿಟಕಿಗೆ ಅಂಗೈ ಅಡ್ಡ ಹಿಡಿದು, ಕದಲದೆ ಕೂತ. ಕೈ ಜೋಮು ಹಿಡಿಯಿತು. ತೆಗೆಯಲಿಲ್ಲ.

ಬಸ್ಸು ಯಾವುದೋ ತಿರುವಿನಲ್ಲಿ ಎತ್ತಿಹಾಕಿದಾಗ ಅವಳಿಗೆ ಅರ್ಧ ಎಚ್ಚರವಾಯಿತು.

"ನಮ್ಮ ಸ್ಟಾಪ್ ಬಂತಾ?"

"ಹೋಯ್ತು."

"ಅಯ್ಯೋ, ಯಾಕೆ ಎಬ್ಬಿಸ್ಲಿಲ್ಲ?"

"ಮನಸ್ಸಾಗಲಿಲ್ಲ. ಕೊನೇ ಸ್ಟಾಪಿಗೆ ಹೋಗಿ ಇದೇ ಬಸ್ಸು ವಾಪಸ್ ಬರುತ್ತಂತೆ. ಕೇಳ್ಕೊಂಡಿದೀನಿ."

ಅವಳು ಒಂದು ಕ್ಷಣ ಯೋಚಿಸಿದಳು.

"ಎಷ್ಟು ಹೊತ್ತಾಗುತ್ತೆ?"

"ಮುಕ್ಕಾಲು ಗಂಟೆ."

"ಸರಿ ಹಾಗಾದ್ರೆ," ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.